ಮೆಳ್ಳೆಗಣ್ಣಿನ ಡ್ರೈವ್

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ತಟ್ಟೆ ಡಾಕ್ಟರ ಅಂಗಡಿ ತೋರಿಸುತ್ತಿದ್ದರು. ಹೆಸರು ಕೇಳಿ, ಪಾತ್ರೆಗೆ ಬೆಸುಗೆ ಹಾಕುವವರಿರಬೇಕು ಎಂದುಕೊಂಡು ತಳ ತೂತಾದ ಬೋಗುಣಿ ಹಿಡಿದು ಬಂದ ಪುಣ್ಯಾತ್ಮರೂ ಇದ್ದರು. ಡಾಕ್ಟರು ಅದಕ್ಕೂ ಬೆಸುಗೆ ಹಾಕಿಯೇ ಕಳಿಸುತ್ತಿದ್ದರು, ಆ ಮಾತು ಬೇರೆ. ಅವರ ನಿಜವಾದ ಕಸುಬು ಫ್ಲಾಪಿ ಡ್ರೈವ್ ರಿಪೇರಿ.

ಈಗಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕು, ಏನು ಮಾಡುವುದು! ಕಪ್ಪು ಲಕೋಟೆಯೊಳಗೆ ಕಂದು ಬಣ್ಣದ ತೆಳ್ಳನೆಯ ತಟ್ಟೆ, ಅದೇ ಫ್ಲಾಪಿ ಡಿಸ್ಕು. ಅದನ್ನು ಗರಗರ ತಿರುಗಿಸಿ ಓದುವ, ಬರೆಯುವ ಪೆಟ್ಟಿಗೆಯೇ ಡ್ರೈವ್. ಡಿಸ್ಕುಗಳೆಲ್ಲ ನೋಡುವುದಕ್ಕೆ ಒಂದೇ ತಾಯಿಯ ಮಕ್ಕಳು. ಡ್ರೈವ್‌ಗಳದ್ದು ಮಾತ್ರ ಒಂದೊಂದಕ್ಕೆ ಒಂದೊಂದು ರಾಗ. ಮಕ್ಕಳು ಆಟವಾಡುವ ಮನೆ ಕಂಪ್ಯೂಟರಿನದು ಒಂದೇ ಮಗ್ಗುಲಲ್ಲಿ ಬರೆಯುತ್ತಿತ್ತು. ನಮ್ಮ ಜನ ಬಿಡುತ್ತಾರೆಯೇ? ಲಕೋಟೆಯ ಇನ್ನೊಂದು ಅಂಚಿಗೆ ಕಚ್ಚು ಹಾಕಿ, ಹಾಸಿಗೆ ಮಗುಚಿದ ಹಾಗೆ ಮಗುಚಿ, ಎರಡನೇ ಮಗ್ಗುಲನ್ನೂ ಬಳಸಿದರು. ಅದರ ವೇಗವೋ, ದೇವರಿಗೇ ಪ್ರೀತಿ. ಒಂದು ಆಟ ಒಳಗೆ ಹೋಗುವಷ್ಟರಲ್ಲಿ ಸ್ನಾನ ಮುಗಿಸಿ ತಲೆ ಒರೆಸಿಕೊಂಡು ಬರಬಹುದಿತ್ತು. ಮುದ್ರಣಾಲಯದವರ ಕಂಪ್ಯೂಟರು ಹೊರಸುತ್ತಿಗೊಂದು ವೇಗ, ಒಳಸುತ್ತಿಗೊಂದು ವೇಗ ಇಟ್ಟುಕೊಂಡಿತ್ತು. ಅದು ಬರೆದದ್ದು ಮಿಕ್ಕವಕ್ಕೆ ತಲೆಬುಡ ತಿಳಿಯುತ್ತಿರಲಿಲ್ಲ. ಕಚೇರಿಗಳ ಹಳೆ ಡ್ರೈವ್ ತಟ್ಟೆಯ ಮೇಲೆ ನಲವತ್ತು ಸುತ್ತು ಬರೆದರೆ, ಹೊಸದು ಅಷ್ಟೇ ಜಾಗದಲ್ಲಿ ಎಂಬತ್ತು ಬರೆಯುತ್ತಿತ್ತು. ಹಳೆಯದರಲ್ಲಿ ಬರೆದ ಡಿಸ್ಕನ್ನು ಹೊಸದರಲ್ಲಿ ತಿದ್ದಿ ವಾಪಸ್ ಹಳೆಯದಕ್ಕೇ ಹಾಕಿದರೆ ಮುಗಿಯಿತು ಕಥೆ. ಹೊಸದರ ಗೆರೆ ಸಣ್ಣದು, ಹಳೆಯದರ ಗೆರೆ ದಪ್ಪದ್ದು. ಅಳಿಸದೆ ಉಳಿದ ಅಂಚು, ಹೊಸ ಬರಹ ಎರಡೂ ಒಟ್ಟಿಗೆ ಕೇಳಿಸಿ ಹಳೆ ಡ್ರೈವ್ ತಬ್ಬಿಬ್ಬಾಗುತ್ತಿತ್ತು. ಒಬ್ಬ ಹೆಡ್‌ಮಾಸ್ಟರು ಹೀಗೆಯೇ ಇಡೀ ಶಾಲೆಯ ಪರೀಕ್ಷೆಯ ಅಂಕಗಳನ್ನು ಕಳೆದುಕೊಂಡು, ಡಾಕ್ಟರ ಬೆಂಚಿನ ಮುಂದೆ ಕೂತು ಕಣ್ಣೀರು ಹಾಕಿದ್ದುಂಟು. ಡಾಕ್ಟರು ಮೂರು ದಿನ ಒದ್ದಾಡಿ ಉಳಿಸಿಕೊಟ್ಟರು.

ಇವೆಲ್ಲಕ್ಕಿಂತ ಕಿಲಾಡಿ ಕಾಯಿಲೆ ಇನ್ನೊಂದಿತ್ತು. ಡ್ರೈವ್‌ನೊಳಗೆ ತಟ್ಟೆಯನ್ನು ಮುಟ್ಟಿ ಓದುವ ಪುಟ್ಟದೊಂದು ಭಾಗವಿರುತ್ತದೆ, ಹೆಡ್ ಎನ್ನುತ್ತಾರೆ. ವರ್ಷಗಟ್ಟಲೆ ಬಳಸಿ, ಬೀಳಿಸಿ, ಗುದ್ದಿ ಅದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಸರಿದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ತಾನು ಸೊಟ್ಟಗೆ ಬರೆದದ್ದನ್ನು ತಾನೇ ಸೊಟ್ಟಗೆ ಓದಿಕೊಂಡು ಸುಖವಾಗಿರುತ್ತದೆ. ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿದಾಗಲೇ ಬಣ್ಣ ಬಯಲು. ಡಾಕ್ಟರು ಇದಕ್ಕೆ ಮೆಳ್ಳೆಗಣ್ಣು ಎಂದು ಹೆಸರಿಟ್ಟಿದ್ದರು. ಸರಿ ಮಾಡುವುದು ಕಷ್ಟವಲ್ಲ. ಅಪಾಯವಿರುವುದು ಸರಿ ಮಾಡಿದ ಮೇಲೆ. ಕಣ್ಣು ನೆಟ್ಟಗಾದ ಡ್ರೈವ್, ಹಿಂದೆ ತಾನೇ ಬರೆದದ್ದನ್ನು ಓದಲಾರದು. ಅದಕ್ಕೇ ಡಾಕ್ಟರದೊಂದು ನಿಯಮವಿತ್ತು. ಯಾರೇ ಡ್ರೈವ್ ತರಲಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಒಂದು ಮಾತು ಕೇಳುತ್ತಿದ್ದರು.

"ಇದ್ರಲ್ಲಿ ಬರೆದಿಟ್ಟಿದ್ದು ಏನಾದ್ರೂ ಇದೆಯಾ? ಇದ್ರೆ ಮೊದ್ಲು ಪ್ರಿಂಟ್ ತಕ್ಕೊಂಡು ಬನ್ನಿ. ಆಮೇಲೆ ಬಂದು ನನ್ನ ಎದೆ ಮೇಲೆ ಕೂತ್ಕೋಬೇಡಿ."

ಎಂಥ ದೊಡ್ಡ ಮನುಷ್ಯ ಅವಸರ ಮಾಡಿದರೂ ಕೇಳದೆ ಕೈ ಹಚ್ಚಿದವರಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಕೇಳದೆ ಮುಟ್ಟಿದ್ದು ಒಂದೇ ಒಂದು ಡ್ರೈವ್. ಅದು ಅವರ ಹೆಂಡತಿಯದು.

ಅಂಗಡಿಯ ಹಿಂದೆಯೇ ಮನೆ, ಎರಡು ಕೋಣೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಆಕೆಯ ಕಂಪ್ಯೂಟರು. ಯಾವುದೋ ಕಚೇರಿಯವರು ಎಸೆದದ್ದನ್ನು ಡಾಕ್ಟರು ತಂದು ಕೂಡಿಸಿಕೊಟ್ಟಿದ್ದರು. ಆಕೆ ಅದರಲ್ಲಿ ಊರವರ ಅರ್ಜಿ, ಕರಾರುಪತ್ರ, ವಿದ್ಯಾರ್ಥಿಗಳ ಪ್ರಬಂಧ ಟೈಪು ಮಾಡಿಕೊಡುತ್ತಿದ್ದಳು. ಮಾತು ಕಡಿಮೆ, ಬೆರಳು ಚುರುಕು. ಒಲೆಯ ಮೇಲೆ ಹಾಲು ಉಕ್ಕಿದರೂ ಹಿಡಿದ ವಾಕ್ಯ ಮುಗಿಸಿಯೇ ಏಳುವ ಹೆಂಗಸು. ಆಕೆಯ ಡ್ರೈವ್‌ಗೆ ಮೆಳ್ಳೆಗಣ್ಣು. ಆಕೆಯ ಡಿಸ್ಕು ಗಿರಾಕಿಗಳ ಕಂಪ್ಯೂಟರಿನಲ್ಲಿ ಓದುತ್ತಲೇ ಇರಲಿಲ್ಲ, ಎಲ್ಲವನ್ನೂ ಪ್ರಿಂಟು ತೆಗೆದೇ ಕೊಡಬೇಕಿತ್ತು.

"ರೀ, ಊರಿನ ಡ್ರೈವೆಲ್ಲಾ ನೆಟ್ಟಗಾಯ್ತು. ನಂದ್ಯಾವಾಗ?"

"ನಾಳೆ ಮಾಡೋಣ ಕಣೇ. ಈಗ ನಾಲ್ಕು ಬಿಚ್ಚಿಟ್ಕೊಂಡು ಕೂತಿದೀನಿ."

"ನಿಮ್ಮ ನಾಳೆ ಅನ್ನೋದು ಆ ಕ್ಯಾಲೆಂಡರ್‌ನಲ್ಲಿ ಯಾವ ತಿಂಗಳಲ್ಲಿದೆ, ಸ್ವಲ್ಪ ತೋರಿಸ್ತೀರಾ?"

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ. ಹೀಗೆ ಆರು ವರ್ಷ ಕಳೆಯಿತು. ಅಷ್ಟರಲ್ಲಿ ಆಕೆಗೆ ಹೊಟ್ಟೆನೋವು ಶುರುವಾಯಿತು. ಒಂದು ದಿನ ಟೈಪು ಮಾಡುತ್ತಿದ್ದವಳು ಮೇಜಿನ ಅಂಚು ಹಿಡಿದು ಬಗ್ಗಿದ್ದನ್ನು ಡಾಕ್ಟರು ಕಣ್ಣಾರೆ ಕಂಡರು. ದೊಡ್ಡ ಡಾಕ್ಟರ ಹತ್ತಿರ ಹೋಗೋಣ ಎಂದರು. ಯಾವಾಗ? ಅದೇ, ನಾಳೆ. ಒಂದು ಕಚೇರಿಯ ಹದಿನೆಂಟು ಡ್ರೈವ್‌ಗಳ ಕೆಲಸ ತಲೆಯ ಮೇಲಿತ್ತು, ಅದೊಂದು ಮುಗಿಯಲಿ ಎಂದರು. ಮೂರು ತಿಂಗಳ ನಂತರ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಇಷ್ಟು ದಿನ ಏನ್ರೀ ಮಾಡ್ತಿದ್ರಿ?" ಎಂದು ಕೇಳಿದರು.

ಆಪರೇಷನ್ ಆದ ಮರುದಿನ ಮಧ್ಯಾಹ್ನ. ರೋಗಿಯನ್ನು ನೋಡಲು ನಾಲ್ಕು ಗಂಟೆಯ ತನಕ ಬಿಡುವುದಿಲ್ಲ ಎಂದು ನರ್ಸು ಹೊರಗೆ ಕಳಿಸಿದ್ದರು. ಮಗಳು ಶಾಲೆಗೆ ಹೋಗಿದ್ದಳು, ಆಗ ಅವಳಿಗೆ ಹನ್ನೆರಡು ವರ್ಷ. ಡಾಕ್ಟರು ಮನೆಗೆ ಬಂದು ಕಿಟಕಿಯ ಪಕ್ಕ ಆಕೆಯ ಕುರ್ಚಿಯಲ್ಲಿ ಕೂತರು. ಅವರ ಕೈಗೆ ಬರುವ ವಿದ್ಯೆ ಒಂದೇ. ಹೆಂಡತಿಗಾಗಿ ಏನಾದರೂ ಮಾಡಬೇಕು ಅನ್ನಿಸಿದಾಗ ಆ ಕೈ ಸೀದಾ ಡ್ರೈವ್‌ನ ಕಡೆಗೇ ಹೋಯಿತು. ಬಿಚ್ಚಿ ಬೆಂಚಿಗೆ ತಂದರು, ಹೆಡ್ ನೆಟ್ಟಗಿದೆಯೇ ಎಂದು ನೋಡುವ ಅಳತೆಯ ಡಿಸ್ಕು ಹಾಕಿದರು, ವಿದ್ಯುತ್ತಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಪರದೆ ಹಚ್ಚಿದರು. ಆ ಪರದೆಯ ಮೇಲೆ ಬೆಕ್ಕಿನ ಕಣ್ಣಿನಂಥ ಎರಡು ಆಕಾರ ಮೂಡುತ್ತವೆ. ಹೆಡ್ ನೆಟ್ಟಗಿದ್ದರೆ ಎರಡೂ ಸಮ. ಆಕೆಯ ಡ್ರೈವ್‌ನಲ್ಲಿ ಎಡಗಣ್ಣು ಬಲಗಣ್ಣಿನ ಅರ್ಧದಷ್ಟಿತ್ತು. ಸ್ಕ್ರೂ ಸಡಿಲಿಸಿ, ಉಸಿರು ಬಿಗಿಹಿಡಿದು, ಚೂರೇ ಚೂರು ಸರಿಸಿ, ಎರಡು ಕಣ್ಣನ್ನೂ ಸಮ ಮಾಡಿದರು. ತಮ್ಮ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ಅವರು ಮಾಡಿರಲಿಲ್ಲ.

ನಾಲ್ಕು ಗಂಟೆಗೆ ಆಸ್ಪತ್ರೆಗೆ ಓಡಿದರು. ಆಕೆಯ ಮೂಗಿನಲ್ಲಿ ನಳಿಗೆ, ಗಂಟಲು ಕಟ್ಟಿತ್ತು, ಮಾತಾಡುವ ಹಾಗಿರಲಿಲ್ಲ.

"ನಿನ್ನ ಡ್ರೈವ್ ನೆಟ್ಟಗೆ ಮಾಡ್ದೆ ಕಣೇ," ಎಂದರು ಕಿವಿಯ ಹತ್ತಿರ ಬಗ್ಗಿ. "ಬೇಗ ವಾಸಿ ಮಾಡ್ಕೊಂಡು ಬಾ. ಇನ್ಮೇಲೆ ನಿನ್ನ ಡಿಸ್ಕು ಎಲ್ಲಿ ಬೇಕಾದ್ರೂ ಓದತ್ತೆ."

ಆಕೆ ಅವರನ್ನೇ ನೋಡಿದಳು. ಬೆರಳುಗಳು ಹೊದಿಕೆಯ ಮೇಲೆ ಟೈಪು ಮಾಡುವವರ ಹಾಗೆ ಆಡಿದವು. ಕಣ್ಣಲ್ಲಿ ನೀರು ಬಂತು. ಖುಷಿಗೆ ಬಂತು ಎಂದುಕೊಂಡರು ನಮ್ಮ ಮಹಾನುಭಾವರು. ಮೂರನೇ ದಿನ ಆಕೆ ತೀರಿಕೊಂಡಳು.

ಎರಡು ವಾರ ಕಳೆದ ಮೇಲೆ ಮಗಳು ಅಮ್ಮ ಅಂಗಿಯ ಗುಂಡಿ ಹಾಕಿಡುತ್ತಿದ್ದ ಡಬ್ಬಿ ತಂದು ಅವರ ಮುಂದೆ ಇಟ್ಟಳು. ಅದರೊಳಗೆ ಒಂದು ಡಿಸ್ಕು. ಮೇಲಿನ ಚೀಟಿಯಲ್ಲಿ ಆಕೆಯ ದುಂಡು ಅಕ್ಷರದಲ್ಲಿ "ಮಗಳಿಗೆ" ಎಂದಿತ್ತು.

"ಆಸ್ಪತ್ರೆಗೆ ಹೋಗೋ ದಿನ ಅಮ್ಮ ಹೇಳಿದ್ಳು. ಏನಾದ್ರೂ ಆದ್ರೆ ಇದನ್ನ ಓದ್ಕೋ ಅಂತ."

ಡಾಕ್ಟರು ಡಿಸ್ಕನ್ನು ಡ್ರೈವ್‌ಗೆ ಹಾಕಿದರು. ಡ್ರೈವ್ ಗರ್ ಗರ್ ಎಂದು ಹಿಂದೆ ಮುಂದೆ ತಡಕಾಡಿತು. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಹೊದಿಕೆಯ ಮೇಲೆ ಆ ಬೆರಳುಗಳು ಏನು ಹೇಳುತ್ತಿದ್ದವು ಎನ್ನುವುದು ಅವರಿಗೆ ಆ ಕ್ಷಣ ಹೊಳೆಯಿತು. ಮೆಳ್ಳೆಗಣ್ಣಿದ್ದಾಗ ಬರೆದಿಟ್ಟದ್ದೊಂದಿದೆ ಎನ್ನುತ್ತಿದ್ದವು.

"ಬೂಷ್ಟು ಹಿಡಿದುಬಿಟ್ಟಿದೆ ಮಗಳೇ," ಎಂದರು. "ಡಬ್ಬಿಯಲ್ಲಿ ತೇವ ಇತ್ತೇನೋ. ಓದಲ್ಲ ಇದು."

ಮಗು ನಂಬಿತು. ತಟ್ಟೆ ಡಾಕ್ಟರೇ ಓದಲ್ಲ ಎಂದ ಮೇಲೆ ಇನ್ಯಾರನ್ನು ಕೇಳುವುದು? ಡಿಸ್ಕು ಮತ್ತೆ ಡಬ್ಬಿ ಸೇರಿತು. ಆಮೇಲೆ ಡಾಕ್ಟರು ಇನ್ನೊಂದು ಕೆಲಸವನ್ನೂ ಮಾಡಿದರು. ಅದನ್ನು ಅವರ ಬಾಯಿಂದಲೇ ಕೇಳುವಿರಂತೆ.

ಇಪ್ಪತ್ತಾರು ವರ್ಷ ಸರಿಯಿತು. ಫ್ಲಾಪಿಗಳ ಕಾಲ ಮುಗಿದು ಅಂಗಡಿಯ ಬಾಗಿಲು ಅರ್ಧ ಮುಚ್ಚಿತು. ಡಾಕ್ಟರು ರೇಡಿಯೋ, ಮಿಕ್ಸರ್ ಎಂದು ಕೈಗೆ ಸಿಕ್ಕಿದ್ದನ್ನು ರಿಪೇರಿ ಮಾಡಿಕೊಂಡು ಕೂತರು. ಆದರೆ ಕಿಟಕಿಯ ಪಕ್ಕದ ಆ ಹಳೆ ಕಂಪ್ಯೂಟರನ್ನು ಯಾರಿಗೂ ಕೊಡಲಿಲ್ಲ. ತಿಂಗಳಿಗೊಮ್ಮೆ ಹಚ್ಚಿ, ಒರೆಸಿ, ಎಣ್ಣೆ ಬಿಟ್ಟು ಇಟ್ಟುಕೊಂಡಿದ್ದರು. ಮಗಳು ಓದಿ ಊರಿನ ದೊಡ್ಡ ಲೈಬ್ರರಿಯಲ್ಲಿ ಹಳೆ ಪುಸ್ತಕಗಳನ್ನು ಕಾಪಾಡುವ ಕೆಲಸಕ್ಕೆ ಸೇರಿದ್ದಳು. ನಾಲ್ಕು ಬೀದಿ ಆಚೆ ಅವಳ ಸಂಸಾರ. ಪ್ರತಿ ಭಾನುವಾರ ಬಂದು, ಅಪ್ಪನ ಬಟ್ಟೆ ಒಗೆದು, ಚಹಾ ಮಾಡಿಕೊಟ್ಟು, ಸಕ್ಕರೆಯ ವಿಷಯಕ್ಕೆ ಒಂದು ಸುತ್ತು ಜಗಳ ಮಾಡಿ ಹೋಗುತ್ತಿದ್ದಳು.

ಆ ಭಾನುವಾರ ಮಾತ್ರ ಚಪ್ಪಲಿ ಬಿಡುವ ಮುಂಚೆಯೇ ಮಾತು ಶುರು.

"ಅಪ್ಪಾ, ಬೂಷ್ಟು ತೊಳೆದ್ರೆ ಹೋಗತ್ತಂತೆ! ನಮ್ಮ ಲೈಬ್ರರಿಗೆ ಒಬ್ರು ಬಂದಿದಾರೆ, ಹಳೇ ಡಿಸ್ಕು ಓದಿಸೋರು. ಲಕೋಟೆ ಕತ್ತರಿಸಿ, ತಟ್ಟೆ ಹೊರಗೆ ತೆಗೆದು, ಸೋಪಿನ ನೀರಲ್ಲಿ ತೊಳೆದು ಒಣಗಿಸ್ತಾರೆ. ಅಷ್ಟೇ! ನಿನಗೆ ಗೊತ್ತಿರಲಿಲ್ವಾ ಇದು?"

ಡಾಕ್ಟರಿಗೆ ಗೊತ್ತಿತ್ತು. ಅವರೇ ಹಾಗೆ ಐವತ್ತು ಡಿಸ್ಕು ತೊಳೆದಿದ್ದರು.

"ಇರಲಿ ಬಿಡು, ನಾಳೆ ನೋಡೋಣ," ಎಂದರು.

"ಏನು ನಾಳೆ? ಈಗ್ಲೇ ತಕ್ಕೊಂಡು ಹೋಗ್ತೀನಿ." ಅವಳು ಬೀರು ತೆಗೆದು ಡಬ್ಬಿ ಹುಡುಕಿದಳು, ಡಿಸ್ಕು ಹೊರಗೆ ತೆಗೆದಳು, ಕಿಟಕಿಯ ಬೆಳಕಿಗೆ ಹಿಡಿದಳು. ಲಕೋಟೆಯ ಸೀಳಿನಲ್ಲಿ ತಟ್ಟೆ ಕಾಣುತ್ತದೆ. ಬೂಷ್ಟು ಹೇಗಿರುತ್ತದೆ ಎಂದು ಲೈಬ್ರರಿಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆರಳಿನಿಂದ ತಟ್ಟೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿದಳು. ಕಂದು ಬಣ್ಣ ಎಲ್ಲೂ ಮಾಸಿರಲಿಲ್ಲ.

"ಅಪ್ಪಾ, ಇದ್ರಲ್ಲಿ ಬೂಷ್ಟೇ ಇಲ್ವಲ್ಲ."

ಡಾಕ್ಟರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅಂದು ಏನೇ ಸುಳ್ಳು ಹೇಳಿದ್ದರೂ ನಡೆಯುತ್ತಿತ್ತೇನೋ, ಆದರೆ ಎಪ್ಪತ್ತೊಂದು ವರ್ಷದ ಮನುಷ್ಯನಿಗೆ ಸುಳ್ಳು ಹೊತ್ತು ಹೊತ್ತು ಸಾಕಾಗಿತ್ತು. ಆ ಮಧ್ಯಾಹ್ನದ ಕಥೆಯನ್ನೆಲ್ಲ ಹೇಳಿದರು. ಕೇಳದೆ ಡ್ರೈವ್ ಮುಟ್ಟಿದ್ದನ್ನು ಹೇಳಿದರು, ಆಸ್ಪತ್ರೆಯಲ್ಲಿ ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನೂ ಹೇಳಿದರು.

ಮಗಳು ಡಿಸ್ಕನ್ನು ತಿರುಗಿಸಿ ಅಮ್ಮನ ಅಕ್ಷರವಿದ್ದ ಚೀಟಿ ನೋಡಿದಳು. ಆಮೇಲೆ ಕೇಳಿದಳು, "ನೆಟ್ಟಗೆ ಮಾಡಿದ್ದನ್ನ ಮತ್ತೆ ಸೊಟ್ಟ ಮಾಡಕ್ಕಾಗ್ತಿರಲಿಲ್ವಾ?"

ತಟ್ಟೆ ಡಾಕ್ಟರ ಮಗಳಲ್ಲವೇ, ಸರಿಯಾದ ಜಾಗಕ್ಕೇ ಕೈ ಹಾಕಿದಳು.

"ಆಗ್ತಿತ್ತು," ಎಂದರು ಡಾಕ್ಟರು. "ಮಾಡ್ದೆ ಕೂಡ. ನೀನು ಸ್ಕೂಲಿಗೆ ಹೋಗಿದ್ದಾಗ. ಎಡಗಣ್ಣು ಬಲಗಣ್ಣಿನ ಅರ್ಧ ಅಂತ ನೆನಪಿತ್ತಲ್ಲ, ಹಾಗೇ ಇಟ್ಟೆ. ಡಿಸ್ಕಿನೊಳಗೆ ಏನೇನಿದೆ ಅನ್ನೋ ಪಟ್ಟಿ ಬಂತು. ಒಂದೇ ಫೈಲು. ಹತ್ತೊಂಬತ್ತು ಸಾವಿರ ಅಕ್ಷರ."

"ಓದಿದ್ಯಾ?"

"ಇಲ್ಲ."

"ಯಾಕೆ?"

"ಹೆದರಿಕೆ ಆಯ್ತು ಮಗಳೇ. ಹೊಟ್ಟೆನೋವು ಅಂದಾಗ ನಾಳೆ ನಾಳೆ ಅಂದಿದ್ದೆ ನಾನು. ನಿಮ್ಮಪ್ಪನೇ ನನ್ನ ಕೊಂದ ಅಂತ ಬರೆದಿದ್ರೆ? ಅದನ್ನ ಓದಿ ನೀನು ನನ್ನ ಮುಖ ನೋಡ್ತಿದ್ಯಾ? ನೀನು ಸ್ವಲ್ಪ ದೊಡ್ಡವಳಾಗ್ಲಿ, ಆಮೇಲೆ ಕೊಡೋಣ ಅಂದ್ಕೊಂಡೆ. ಡ್ರೈವ್‌ನ ಮತ್ತೆ ನೆಟ್ಟಗೆ ಮಾಡಿ ಇಟ್ಟುಬಿಟ್ಟೆ."

"ನಿನ್ನ ಹೆದರಿಕೆಗೆ ನನ್ನ ಅಮ್ಮನ್ನ ಇಪ್ಪತ್ತಾರು ವರ್ಷ ಡಬ್ಬಿಯಲ್ಲಿ ಮುಚ್ಚಿಟ್ಟೆಯಲ್ಲಪ್ಪಾ." ಅವಳ ದನಿ ಏರಲಿಲ್ಲ. ಏರಿದ್ದರೆ ಡಾಕ್ಟರಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಡಿಸ್ಕನ್ನು ಮೇಜಿನ ಮೇಲಿಟ್ಟು ಕಣ್ಣು ಒರೆಸಿಕೊಂಡಳು. "ಲೈಬ್ರರಿಯವ್ರಿಗೆ ಕೊಟ್ರೆ ಓದತ್ತಾ?"

"ಅವರ ಡ್ರೈವ್ ನೆಟ್ಟಗಿರತ್ತೆ. ಇದನ್ನ ಬರೆದ ಡ್ರೈವೇ ಇದನ್ನ ಓದ್ಬೇಕು."

"ಹಾಗಾದ್ರೆ ಏಳು. ಸೊಟ್ಟ ಮಾಡು."

ಡಾಕ್ಟರು ಎದ್ದರು. ಅಳತೆಯ ಡಿಸ್ಕು, ಆಸಿಲೋಸ್ಕೋಪು ಎಲ್ಲ ಧೂಳು ಕೊಡವಿಕೊಂಡು ಬೆಂಚಿಗೆ ಬಂದವು. ಮಗಳು ಅವರ ಮೊಣಕೈಗೆ ತನ್ನ ಅಂಗೈ ಆಸರೆ ಕೊಟ್ಟು ನಿಂತಳು. ಜೀವನವಿಡೀ ಮೆಳ್ಳೆಗಣ್ಣು ತಿದ್ದಿದ ಮನುಷ್ಯ ಒಂದು ಒಳ್ಳೆಯ ಡ್ರೈವನ್ನು ಬೇಕೆಂದೇ ಕೆಡಿಸಿದರು. ಪರದೆಯ ಮೇಲೆ ಎಡಗಣ್ಣು ಸಣ್ಣಗಾಗುತ್ತ ಬಂದು ಬಲಗಣ್ಣಿನ ಅರ್ಧಕ್ಕೆ ನಿಂತಿತು.

"ಒಂದು ಮಾತು," ಎಂದರು ಡ್ರೈವನ್ನು ಆಕೆಯ ಕಂಪ್ಯೂಟರಿಗೆ ಕೂಡಿಸಿ, ಡಿಸ್ಕು ಹಾಕುವ ಮುಂಚೆ. "ಇಷ್ಟು ಹಳೇ ತಟ್ಟೆ. ಬರಹ ಇರೋದೇ ಮೇಲಿನ ಬಣ್ಣದಲ್ಲಿ, ಅದರ ಅಂಟು ಸಡಿಲ ಆಗಿರತ್ತೆ. ಹೆಡ್ ಮುಟ್ಟಿದ್ರೆ ಕಿತ್ಕೊಂಡು ಬರಬಹುದು. ಸಿಕ್ಕಿದ್ರೆ ಒಂದೇ ಸಲ."

"ಅವತ್ತು ಕಿತ್ಕೊಂಡು ಬರ್ತಿತ್ತಾ?"

"ಇಲ್ಲ. ಅವತ್ತು ಹೊಚ್ಚ ಹೊಸದು."

ಮಗಳು ಡಿಸ್ಕನ್ನು ಅವರ ಕೈಗೆ ಕೊಟ್ಟಳು. ಡಾಕ್ಟರು ಡಿಸ್ಕು ಹಾಕಿ ಚಿಲಕ ಒತ್ತಿದರು. ಡ್ರೈವ್ ತಿರುಗಿತು. ತಡಕಾಡಲಿಲ್ಲ, ಗರ್ ಎನ್ನಲಿಲ್ಲ. ತನ್ನ ಕೈಬರಹ ತನಗೇ ಸಿಕ್ಕಿದವರ ಹಾಗೆ ಸಲೀಸಾಗಿ ಓದಿತು. ಹಸಿರು ಅಕ್ಷರಗಳು ಒಂದೊಂದೇ ಸಾಲು ಪರದೆಯ ಮೇಲೆ ಇಳಿದವು.

"ಮಗಳೇ, ಮೊದಲು ಒಂದು ಕೆಲಸ ಮಾಡು. ಇದನ್ನು ಈಗಲೇ ಪ್ರಿಂಟು ತೆಗೆದುಕೋ. ನಿಮ್ಮಪ್ಪನಿಗೆ ಯಾವತ್ತೋ ಒಂದು ದಿನ ಈ ಡ್ರೈವ್ ಸರಿ ಮಾಡುವ ಉಮೇದು ಬರುತ್ತದೆ, ಆಗ ಇದು ಹೋಯಿತು ಅಂತಲೇ ಲೆಕ್ಕ. ಊರನ್ನೆಲ್ಲ ಕೇಳುತ್ತಾರೆ, ಮನೆಯಲ್ಲಿ ಕೇಳುವುದು ಮರೆಯುತ್ತಾರೆ. ಹಾಗಾದರೆ ಸಿಟ್ಟು ಮಾಡಿಕೊಳ್ಳಬೇಡ. ನನ್ನ ಹೊಟ್ಟೆನೋವಿಗೂ ಅವರನ್ನು ಅನ್ನಬೇಡ. ನಾನೂ ಗಟ್ಟಿಯಾಗಿ ಹೇಳಲಿಲ್ಲ, ನನಗೂ ಹೆದರಿಕೆ ಇತ್ತು. ಅವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕು, ಕೇಳಿದರೆ ಹಾಕಿದ್ದೇನೆ ಅನ್ನು. ಇನ್ನು ನನ್ನ ವಿಷಯ. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನೇ ಟೈಪು ಮಾಡಿದ್ದೇನೆ, ಇದೊಂದೇ ನನ್ನದು. ನಿನ್ನ ವಯಸ್ಸಿನಲ್ಲಿ ನನಗೊಂದು ಹುಚ್ಚು ಆಸೆ ಇತ್ತು. ಇವತ್ತಿನ ತನಕ ಯಾರಿಗೂ ಹೇಳಿಲ್ಲ. ದೊಡ್ಡವಳಾದ ಮೇಲೆ ನಾನು"

ಡ್ರೈವ್ ಕಿರ್ರೆಂದು ಕಿರುಚಿತು. ಅಕ್ಷರಗಳು ನಿಂತವು. ಡಾಕ್ಟರು ಬಾಚಿ ಡಿಸ್ಕು ಹೊರಗೆಳೆದು ಬೆಳಕಿಗೆ ಹಿಡಿದರು. ಕಂದು ತಟ್ಟೆಯ ಮೇಲೆ ಉಂಗುರದ ಹಾಗೆ ಒಂದು ಸುತ್ತು ಬಣ್ಣವೇ ಇರಲಿಲ್ಲ, ಅದರಲ್ಲಿ ಕಿಟಕಿ ಕಾಣುತ್ತಿತ್ತು. ಹೆಡ್‌ನ ಮೇಲೆ ಕಂದು ಪುಡಿ ಮೆತ್ತಿತ್ತು. ಸ್ಪಿರಿಟ್‌ನಿಂದ ಒರೆಸಿ ಮತ್ತೆ ಹಾಕಿದರು, ಮತ್ತೆ ಕಿರುಚಿತು. ಮೂರನೇ ಸಲ ಒಳಗಿನ ಪಟ್ಟಿಯೂ ಬರಲಿಲ್ಲ. ಮತ್ತೆ ಓದಲೋ, ಬಿಡಲೋ ಎಂದು ಪರದೆಯ ಮೇಲೆ ಕಂಪ್ಯೂಟರು ಕೇಳುತ್ತ ನಿಂತಿತು.

ಹತ್ತೊಂಬತ್ತು ಸಾವಿರದಲ್ಲಿ ಸಿಕ್ಕಿದ್ದು ಸಾವಿರಕ್ಕೂ ಕಡಿಮೆ. ಡಾಕ್ಟರು ಎರಡೂ ಕೈ ಮೇಜಿನ ಮೇಲೆ ಊರಿ ತಲೆ ತಗ್ಗಿಸಿ ಅತ್ತರು. ಬೈಗುಳ ಇದೆಯೆಂದು ಹೆದರಿ ಮುಚ್ಚಿಟ್ಟ ಕಾಗದದಲ್ಲಿ ಬೈಗುಳವೇ ಇರಲಿಲ್ಲ. ಆಕೆ ಅವರನ್ನು ಮುಂಚೆಯೇ ಕ್ಷಮಿಸಿ, ಆಮೇಲೆ ತನ್ನ ಮಾತಿಗೆ ಬಂದಿದ್ದಳು. ಆ ಮಾತೇ ಉಳಿಯಲಿಲ್ಲ.

ಮಗಳು ಪರದೆಯಲ್ಲಿದ್ದ ಸಾಲುಗಳನ್ನು ಒಂದು ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡಳು, ಒಂದಕ್ಷರ ಬಿಡದೆ. ಕೊನೆಯ ಪದದ ಮುಂದೆ ಪೆನ್ಸಿಲ್ ಹಿಡಿದೇ ಕೂತಳು.

"ಅಪ್ಪಾ," ಎಂದಳು. "ಅಮ್ಮ ಏನಾಗ್ಬೇಕು ಅಂತಿದ್ಳು?"

ಡಾಕ್ಟರು ನೆನಪಿನ ಮೂಲೆ ಮೂಲೆ ಹುಡುಕಿದರು. ಹದಿನೈದು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವರು. ಆಕೆಯ ಡ್ರೈವ್ ಎಷ್ಟು ಸೊಟ್ಟಗಿತ್ತು ಎನ್ನುವುದು ಇಪ್ಪತ್ತಾರು ವರ್ಷವಾದರೂ ಕೂದಲೆಳೆಯ ಅಳತೆಯಲ್ಲಿ ನೆನಪಿತ್ತು.

"ಗೊತ್ತಿಲ್ಲ ಮಗಳೇ," ಎಂದರು. "ನಾನು ಯಾವತ್ತೂ ಕೇಳ್ಲೇ ಇಲ್ಲ."